ಅಮೆರಿಕದಲ್ಲಿ ಓದುವವರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್: ಬೆಂಗಳೂರಿನಲ್ಲಿ ಕಟ್ಟುವ ಕಡತದಿಂದ ಕಾರ್ಡ್ ಕೈಸೇರುವವರೆಗೆ

ಬೆಂಗಳೂರಿನಿಂದ ಓದಲು ಅಮೆರಿಕಕ್ಕೆ ಹೋದವರಲ್ಲಿ ಅನೇಕರು, ಸಂಬಳ ಮತ್ತು ತೆರಿಗೆಯ ಲೆಕ್ಕಕ್ಕೆ ಅಲ್ಲಿನ ಸರಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಳಲು ಹೋಗಿ, ಸೋಶಿಯಲ್ ಸೆಕ್ಯುರಿಟಿ ಕಚೇರಿಯ ಕೌಂಟರಿನಿಂದ ಬರಿಗೈಯಲ್ಲಿ ಮರಳುತ್ತಾರೆ. ಕಾರಣಗಳು ಪ್ರತಿವರ್ಷವೂ ಅವೇ. ಕೆಲಸ ಸಿಗುವ ಮೊದಲೇ ಅರ್ಜಿ ಹಿಡಿದು ಹೋಗಿರುತ್ತಾರೆ. ಕೆಲಸ ಸಿಕ್ಕಿದ್ದರೂ ಪತ್ರದಲ್ಲಿ ಇರಬೇಕಾದ ಒಂದು ವಿವರ ಬಿಟ್ಟುಹೋಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಪ್ರವೇಶದ ದಾಖಲೆಯಲ್ಲಿ ಇನ್ನೊಂದು ಹೆಸರು ಇರುತ್ತದೆ. ಇಲ್ಲವೇ ವಿಶ್ವವಿದ್ಯಾಲಯವು ತನ್ನ ಕಡೆಯ ನೋಂದಣಿಯನ್ನು ಇನ್ನೂ ಮುಗಿಸಿರುವುದಿಲ್ಲ. ಇವುಗಳಲ್ಲಿ ಯಾವುದೂ ಅರ್ಜಿ ತುಂಬಲು ಬಾರದ್ದರಿಂದ ಆಗುವ ತಪ್ಪಲ್ಲ, ಕ್ರಮ ತಪ್ಪಿದ್ದರಿಂದ ಆಗುವ ತಪ್ಪು. ಆದ್ದರಿಂದ ಇಲ್ಲಿ ಅರ್ಜಿಗಿಂತ ಹೆಚ್ಚಾಗಿ ಅದಕ್ಕೆ ಮುಂಚಿನ ಕೆಲಸಗಳನ್ನೇ ವಿವರಿಸಲಾಗಿದೆ.

ಇದು ಮುಖ್ಯವಾಗಿ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರಿಗೆ ಅನ್ವಯಿಸುತ್ತದೆ. ಜೆ-1 ಎಂಬ ವಿನಿಮಯ ವೀಸಾದ ವಿದ್ಯಾರ್ಥಿಗಳಿಗೆ ಎಲ್ಲಿ ಬೇರೆ ದಾಖಲೆ ಬೇಕೋ ಅಲ್ಲಿ ಅದನ್ನು ಹೇಳಲಾಗಿದೆ.

ಹಂತ 1: ಈ ನಂಬರ್ ನಿಮಗೆ ಸಲ್ಲುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ

ನಮ್ಮಲ್ಲಿ ಪ್ಯಾನ್ ಕಾರ್ಡ್ ಮಾಡಿಸಲು ಕೆಲಸ ಇರಬೇಕೆಂಬ ನಿಯಮವಿಲ್ಲ. ಮೊದಲು ಕಾರ್ಡ್ ಮಾಡಿಸಿಟ್ಟುಕೊಂಡು ಆಮೇಲೆ ಕೆಲಸ ಹುಡುಕುವುದೇ ರೂಢಿ. ಅದೇ ಲೆಕ್ಕವನ್ನು ಅಮೆರಿಕದ ಒಂಬತ್ತು ಅಂಕಿಯ ಸೋಶಿಯಲ್ ಸೆಕ್ಯುರಿಟಿ ನಂಬರಿಗೂ, ಅಂದರೆ ಎಸ್‌ಎಸ್‌ಎನ್‌ಗೂ ಹಾಕುವುದರಿಂದಲೇ ತೊಡಕು ಶುರುವಾಗುತ್ತದೆ. ಅಲ್ಲಿ ವಿದೇಶಿ ವಿದ್ಯಾರ್ಥಿಗೆ ಕೆಲಸ ಮೊದಲು, ನಂಬರ್ ನಂತರ. ಕಾನೂನುಬದ್ಧವಾದ ಕೆಲಸ ಅಥವಾ ಕೆಲಸದ ಅನುಮತಿ ಇಲ್ಲದೆ ಅರ್ಜಿ ಹಾಕಿದರೆ ಅದು ತಿರಸ್ಕೃತವಾಗುತ್ತದೆ.

ಎಫ್-1 ವಿದ್ಯಾರ್ಥಿಗೆ ಇರುವ ಸಾಮಾನ್ಯ ದಾರಿಗಳು ಮೂರು. ಮೊದಲನೆಯದು ಕ್ಯಾಂಪಸ್ಸಿನೊಳಗಿನ ಕೆಲಸ: ಗ್ರಂಥಾಲಯ, ಊಟದ ಹಾಲ್, ಪ್ರಯೋಗಾಲಯ, ಬೋಧನಾ ಸಹಾಯಕ ಅಥವಾ ಸಂಶೋಧನಾ ಸಹಾಯಕ ಹುದ್ದೆ. ತರಗತಿ ನಡೆಯುವ ಅವಧಿಯಲ್ಲಿ ಇದು ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಎರಡನೆಯದು ಸಿಪಿಟಿ, ಅಂದರೆ ಪಠ್ಯಕ್ರಮದ ಭಾಗವಾಗಿ ಮಾಡುವ ಇಂಟರ್ನ್‌ಶಿಪ್. ಮೂರನೆಯದು ಒಪಿಟಿ, ಅಂದರೆ ಓದಿದ ವಿಷಯಕ್ಕೆ ಸಂಬಂಧಪಟ್ಟ ಕೆಲಸಕ್ಕೆ ವಲಸೆ ಇಲಾಖೆ ಕೊಡುವ ಅನುಮತಿ.

ಫೆಲೋಶಿಪ್ ಅಥವಾ ವಿದ್ಯಾರ್ಥಿವೇತನ ಬರುತ್ತಿದ್ದು ಅದಕ್ಕೆ ಪ್ರತಿಯಾಗಿ ಕೆಲಸವೇನೂ ಇಲ್ಲದಿದ್ದರೆ, ಈ ಲೆಕ್ಕದಲ್ಲಿ ನೀವು ಉದ್ಯೋಗಿಯಲ್ಲ. ತೆರಿಗೆ ಲೆಕ್ಕ ಒಪ್ಪಿಸಲು ನಂಬರ್ ಬೇಕಾದರೆ ನೀವು ಕೇಳಬೇಕಾದದ್ದು ತೆರಿಗೆ ಇಲಾಖೆ ಕೊಡುವ ಐಟಿಐಎನ್. ಅದಕ್ಕೆ ಡಬ್ಲ್ಯು-7 ಎಂಬ ಬೇರೆ ಅರ್ಜಿ ಇದೆ. ಐಟಿಐಎನ್ ಕೆಲಸ ಮಾಡುವ ಹಕ್ಕನ್ನು ಕೊಡುವುದಿಲ್ಲ. ಜೊತೆಗೆ ಹೋದ ಗಂಡ ಅಥವಾ ಹೆಂಡತಿ ಎಫ್-2 ವೀಸಾದಲ್ಲಿದ್ದರೆ ಅವರಿಗೆ ಕೆಲಸದ ಅನುಮತಿಯೇ ಇಲ್ಲದ್ದರಿಂದ ಈ ನಂಬರೂ ಸಿಗದು.

ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್ಮಿಗೂ ಎಸ್‌ಎಸ್‌ಎನ್ ಇರಲೇಬೇಕು ಎಂಬ ಮಾತು ವಿದ್ಯಾರ್ಥಿಗಳ ವಾಟ್ಸ್ಆಪ್ ಗುಂಪುಗಳಲ್ಲಿ ಬಹಳ ಓಡಾಡುತ್ತದೆ. ವಿದೇಶಿ ವಿದ್ಯಾರ್ಥಿಗಳಿಗೆ ಪಾಸ್‌ಪೋರ್ಟ್ ಮತ್ತು ಐ-20 (ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಅರ್ಹತಾ ಪತ್ರ) ನೋಡಿ ಖಾತೆ ತೆರೆಯುವ ಬ್ಯಾಂಕುಗಳು ಕ್ಯಾಂಪಸ್ಸುಗಳ ಸುತ್ತಮುತ್ತ ಸಾಕಷ್ಟಿವೆ. ಚಾಲನಾ ಪರವಾನಗಿಗಾಗಿ ಕೆಲವು ರಾಜ್ಯಗಳು, ಈ ವ್ಯಕ್ತಿಗೆ ನಂಬರ್ ಸಲ್ಲುವುದಿಲ್ಲ ಎಂದು ಸೋಶಿಯಲ್ ಸೆಕ್ಯುರಿಟಿ ಕಚೇರಿಯೇ ಬರೆದುಕೊಡುವ ಪತ್ರವನ್ನು ಕೇಳುತ್ತವೆ. ಅದಕ್ಕೆ ಎಸ್‌ಎಸ್‌ಎ-ಎಲ್676 ಎಂದು ಹೆಸರು. ಕೆಲಸವಿಲ್ಲದವರು ಆ ಕಚೇರಿಗೆ ಹೋಗುವುದಾದರೆ ಆ ಪತ್ರಕ್ಕಾಗಿ ಹೋಗಬೇಕೇ ಹೊರತು ನಂಬರಿಗಾಗಿ ಅಲ್ಲ.

ಹಂತ 2: ಬೆಂಗಳೂರು ಬಿಡುವ ಮೊದಲು ಹೆಸರನ್ನು ಸರಿಪಡಿಸಿಕೊಳ್ಳಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಆದರೆ ವೀಸಾದ ಗಡಿಬಿಡಿಯಲ್ಲಿ ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ.

ನಮ್ಮ ಕಡೆಯ ಹೆಸರುಗಳಲ್ಲಿ ಕುಲನಾಮ ಇರಲೇಬೇಕೆಂದಿಲ್ಲ. ಊರಿನ ಹೆಸರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ, ಆಮೇಲೆ ಇಟ್ಟ ಹೆಸರು. ಒಬ್ಬ ಹುಡುಗನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಸುಹಾಸ್ ಎಚ್ ಎಂ" ಎಂದಿದೆ ಎಂದಿಟ್ಟುಕೊಳ್ಳೋಣ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ಲುಗಳನ್ನು ಬಿಡಿಸಿ ಬರೆದರೆ ಹೊಳಲ್ಕೆರೆ ಮಂಜುನಾಥ ಎಂಬುದು ಸರ್‌ನೇಮ್ ಕಾಲಮ್ಮಿಗೆ ಹೋಗಬಹುದು. ಸರ್‌ನೇಮ್ ಕಾಲಮ್ಮನ್ನೇ ಖಾಲಿ ಬಿಟ್ಟರೆ ಇಡೀ ಹೆಸರು ಗಿವನ್ ನೇಮ್ ಆಗಿ ಕೂರುತ್ತದೆ. ಹೀಗೆ ಸರ್‌ನೇಮ್ ಇಲ್ಲದ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಬಂದಾಗ, ಇರುವ ಹೆಸರನ್ನೆಲ್ಲ ಸರ್‌ನೇಮ್ ಜಾಗದಲ್ಲಿ ಹಾಕಿ, ಗಿವನ್ ನೇಮ್ ಜಾಗದಲ್ಲಿ "ಎಫ್‌ಎನ್‌ಯು" ಎಂಬ ಮೂರು ಅಕ್ಷರ ಮುದ್ರಿಸುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂಬುದು ಅದರ ಅರ್ಥ. ವಿಶ್ವವಿದ್ಯಾಲಯದ ಐ-20ಯಲ್ಲಿ ಆ ಮೂರಕ್ಷರ ಇಲ್ಲದಿರಬಹುದು. ಕಾರ್ಡಿನ ಮೇಲೆ ಬೀಳುವುದು ವಲಸೆ ದಾಖಲೆಯಲ್ಲಿರುವ ಹೆಸರಾದ್ದರಿಂದ, ಈ ಗೊಂದಲ ಕಾರ್ಡಿಗೆ, ಅಲ್ಲಿಂದ ಸಂಬಳದ ಖಾತೆಗೆ, ಅಲ್ಲಿಂದ ಚಾಲನಾ ಪರವಾನಗಿಗೆ ಸಾಗುತ್ತಾ ಹೋಗುತ್ತದೆ.

ಇದಕ್ಕೆ ಪರಿಹಾರ ಇರುವುದು ಪ್ರವೇಶಪತ್ರ ಕೈಗೆ ಬರುವ ಮೊದಲು. ಅರ್ಜಿಗಳನ್ನು ಹಾಕುವ ವರ್ಷದಲ್ಲೇ ಪಾಸ್‌ಪೋರ್ಟಿನ ಎರಡನೆಯ ಪುಟವನ್ನು ತೆಗೆದು ನೋಡಿ. ಸರ್‌ನೇಮ್ ಖಾಲಿಯಿದ್ದರೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಹೆಸರನ್ನು ಎರಡು ಭಾಗವಾಗಿ ಬರೆಸಿಕೊಳ್ಳುವುದು ಮೇಲು. ಲಾಲ್‌ಬಾಗ್ ರಸ್ತೆಯ ಅಥವಾ ಮಾರತ್ತಹಳ್ಳಿ ಕಡೆಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಈ ಕೆಲಸ ಆಗುತ್ತದೆ. ಐ-20 ಮತ್ತು ವೀಸಾ ಎರಡೂ ಬಂದುಬಿಟ್ಟಿದ್ದರೆ ನಡುವೆ ಪಾಸ್‌ಪೋರ್ಟ್ ಬದಲಿಸಲು ಹೋಗಬೇಡಿ. ಆಗ ಮೂರು ದಾಖಲೆಗಳಲ್ಲಿ ಮೂರು ಬಗೆಯ ಹೆಸರಾಗಿ, ಇದ್ದ ತೊಡಕು ದೊಡ್ಡದಾಗುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ.

ಎರಡನೆಯದು ಜನನ ಪ್ರಮಾಣಪತ್ರ. ವಯಸ್ಸಿನ ಪುರಾವೆಯಾಗಿ ಸೋಶಿಯಲ್ ಸೆಕ್ಯುರಿಟಿ ಕಚೇರಿ ಮೊದಲು ಕೇಳುವುದು ಇದನ್ನೇ: ನಿಮ್ಮ ಬಳಿ ಇದ್ದರೆ ಅಥವಾ 10 ಕೆಲಸದ ದಿನಗಳೊಳಗೆ ತರಿಸಿಕೊಳ್ಳಲು ಆಗುವುದಾದರೆ ಅದನ್ನೇ ಕೊಡಬೇಕು. ಇಲ್ಲದಿದ್ದಾಗ ಪಾಸ್‌ಪೋರ್ಟನ್ನು ಪರಿಗಣಿಸುತ್ತಾರೆ. ನಮ್ಮ ಮನೆಗಳಲ್ಲಿರುವ ಹಳೆಯ ಪ್ರಮಾಣಪತ್ರಗಳಲ್ಲಿ ಒಂದು ವಿಚಿತ್ರವಿದೆ: ತಂದೆ, ತಾಯಿ, ಆಸ್ಪತ್ರೆ, ದಿನಾಂಕ ಎಲ್ಲ ಇರುತ್ತದೆ, ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ. ನಾಮಕರಣಕ್ಕೆ ಮೊದಲೇ ನೋಂದಣಿಯಾಗಿ, ಹೆಸರು ಸೇರಿಸಲು ಆಮೇಲೆ ಯಾರೂ ಹೋಗಿರುವುದಿಲ್ಲ. ಅಂಥ ಪತ್ರವಿದ್ದರೆ ಜನನ ನೋಂದಣಿಯಾದ ಕಚೇರಿಗೆ ಹೋಗಿ ಹೆಸರು ಸೇರಿಸಿಕೊಂಡು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುವ ಹೊಸ ಪ್ರತಿಯನ್ನು ಪಡೆಯಿರಿ. ವಿಮಾನಕ್ಕೆ ವಾರವಿರುವಾಗ ಇದನ್ನು ಆರಂಭಿಸಿದರೆ ಮುಗಿಯುವುದಿಲ್ಲ.

ಮೂರನೆಯದು ನೋಟರಿ. ಜೆರಾಕ್ಸ್ ಮೇಲೆ ನೋಟರಿಯ ಮುದ್ರೆ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಬಿದ್ದರೆ ಅದು ಮೂಲಕ್ಕೆ ಸಮ ಎಂಬುದು ಇಲ್ಲಿನ ಅಭ್ಯಾಸ. ಅಲ್ಲಿ ಜೆರಾಕ್ಸೂ ನಡೆಯುವುದಿಲ್ಲ, ನೋಟರಿ ಮಾಡಿಸಿದ ಪ್ರತಿಯೂ ನಡೆಯುವುದಿಲ್ಲ. ಮೂಲ ದಾಖಲೆ ಬೇಕು, ಅಥವಾ ಆ ದಾಖಲೆಯನ್ನು ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ ಬೇಕು. ಆಧಾರ್, ಪ್ಯಾನ್, ಪಿಯುಸಿ ಅಂಕಪಟ್ಟಿಗಳು ಈ ಕೆಲಸಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಬೇಕಾದ ಮೂಲಗಳನ್ನು ಕೈಚೀಲದಲ್ಲೇ ಒಯ್ಯಿರಿ, ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ.

ಇಲ್ಲಿರುವಾಗಲೇ ಎಸ್‌ಎಸ್‌ಎನ್ ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ವಿದ್ಯಾರ್ಥಿ ವೀಸಾದವರು ಚೆನ್ನೈನ ಕಾನ್ಸುಲೇಟಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಈ ನಂಬರನ್ನು ಪಡೆಯುವಂತಿಲ್ಲ. ಅರ್ಜಿಗೆ ಶುಲ್ಕವೂ ಇಲ್ಲ.

ಹಂತ 3: ತಲುಪಿದ ಮೊದಲ ದಿನಗಳಲ್ಲಿ ಮಾಡಬೇಕಾದದ್ದು

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನಿಮ್ಮನ್ನು ಒಳಬಿಟ್ಟ ಕ್ಷಣ ಐ-94 ಎಂಬ ಪ್ರವೇಶ ದಾಖಲೆ ಗಣಕದಲ್ಲಿ ಹುಟ್ಟಿಕೊಳ್ಳುತ್ತದೆ. ಕೈಗೆ ಕಾಗದ ಕೊಡುವುದಿಲ್ಲ. ಗಡಿ ರಕ್ಷಣಾ ಇಲಾಖೆಯ ಜಾಲತಾಣದಿಂದ ಅದನ್ನು ನೀವೇ ಇಳಿಸಿಕೊಂಡು ಮುದ್ರಿಸಬೇಕು. ತಲುಪಿದ ಮರುದಿನವೇ ಇದನ್ನು ಮಾಡಿ, ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ಪ್ರವೇಶದ ವರ್ಗ ಈ ನಾಲ್ಕನ್ನು ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ವರ್ಗದ ಜಾಗದಲ್ಲಿ ಎಫ್-1 ಎಂದೇ ಇರಬೇಕು. ಹುಡುಕಿದಾಗ ದಾಖಲೆ ಸಿಗದಿದ್ದರೆ ಗಾಬರಿಯಾಗಬೇಡಿ. ಹೆಸರಿನ ಎರಡು ಭಾಗಗಳನ್ನು ಅದಲು ಬದಲು ಮಾಡಿ, ಇಲ್ಲವೇ ವೀಸಾದಲ್ಲಿರುವಂತೆ ಬರೆದು ಮತ್ತೆ ಹುಡುಕಿ.

ತಪ್ಪು ಕಂಡರೆ ಅದನ್ನು ತಿದ್ದುವುದು ಸೋಶಿಯಲ್ ಸೆಕ್ಯುರಿಟಿ ಕಚೇರಿಯ ಕೆಲಸವಲ್ಲ, ವಿಶ್ವವಿದ್ಯಾಲಯದ ಕೆಲಸವೂ ಅಲ್ಲ. ಗಡಿ ರಕ್ಷಣಾ ಇಲಾಖೆಯ ಡಿಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯನ್ನು ಸಂಪರ್ಕಿಸಬೇಕು. ಆ ತಿದ್ದುಪಡಿ ಆಗುವವರೆಗೆ ಅರ್ಜಿ ಹಾಕಬೇಡಿ.

ಇದರ ಜೊತೆಗೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ನೀವು ಬಂದಿರುವುದನ್ನು ತಿಳಿಸಿ, ವಾಸದ ವಿಳಾಸ ಕೊಟ್ಟು, ಕೋರ್ಸುಗಳಿಗೆ ನೋಂದಾಯಿಸಿಕೊಳ್ಳಿ. ಅಲ್ಲಿ ಡಿಎಸ್ಒ ಎಂದು ಕರೆಯುವ ಅಧಿಕಾರಿ ಸೆವಿಸ್ ಎಂಬ ಸರಕಾರಿ ವ್ಯವಸ್ಥೆಯಲ್ಲಿ ನಿಮ್ಮ ದಾಖಲೆಯನ್ನು ಸಕ್ರಿಯಗೊಳಿಸುತ್ತಾರೆ. ಇದಕ್ಕೆ ಅವರಿಗೆ ಕೋರ್ಸ್ ಆರಂಭದ ದಿನಾಂಕದಿಂದ 30 ದಿನಗಳ ಅವಕಾಶವಿರುತ್ತದೆ. ಆಗಸ್ಟ್‌ನಲ್ಲಿ ಸಾವಿರಾರು ಮಂದಿ ಒಟ್ಟಿಗೆ ಬರುವ ವಿಶ್ವವಿದ್ಯಾಲಯಗಳಲ್ಲಿ ಇದು ನಿಧಾನವಾಗುವುದು ಸಹಜ. "ನನ್ನ ಸೆವಿಸ್ ದಾಖಲೆ ಆಕ್ಟಿವ್ ಆಗಿದೆಯೇ?" ಎಂದು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ.

ದೇಶದೊಳಗೆ ಬಂದು ಕನಿಷ್ಠ 10 ದಿನ ಆದಮೇಲೆ ಅರ್ಜಿ ಹಾಕುವುದು ಒಳ್ಳೆಯದೆಂದು ಸೋಶಿಯಲ್ ಸೆಕ್ಯುರಿಟಿ ಇಲಾಖೆಯೇ ಸಲಹೆ ಕೊಡುತ್ತದೆ. ನಿಮ್ಮ ವಲಸೆ ವಿವರಗಳನ್ನು ಆ ಕಚೇರಿ ಗೃಹ ಭದ್ರತಾ ಇಲಾಖೆಯ ದತ್ತಾಂಶದೊಂದಿಗೆ ತಾಳೆ ನೋಡುತ್ತದೆ. ಅಲ್ಲಿ ವಿವರ ಸೇರುವ ಮೊದಲೇ ನೀವು ಕೌಂಟರಿನ ಮುಂದೆ ನಿಂತರೆ ತಾಳೆ ಸಿಗದೆ ಅರ್ಜಿ ಕೈಯಾರೆ ನಡೆಸುವ ಪರಿಶೀಲನೆಗೆ ಹೋಗುತ್ತದೆ, ಅದು ಮುಗಿಯಲು ವಾರಗಳು ಹಿಡಿಯುತ್ತವೆ. ಮೊದಲೇ ಹೋದವನಿಗೆ ಕಾರ್ಡ್ ಕೊನೆಗೆ ಬರುವ ಪ್ರಸಂಗಗಳು ಹೀಗೆ ಆಗುವಂಥವು.

ಹಂತ 4: ಎರಡು ಪತ್ರಗಳನ್ನು ಸಿದ್ಧಪಡಿಸಿಕೊಳ್ಳಿ

ಕ್ಯಾಂಪಸ್ ಕೆಲಸ ಹಿಡಿದವರಿಗೆ ಎರಡು ಪತ್ರಗಳು ಬೇಕು, ಒಂದರ ಬದಲು ಇನ್ನೊಂದು ಸಾಲದು.

ಮೊದಲನೆಯದು ಕೆಲಸ ಕೊಟ್ಟ ವಿಭಾಗದ ಪತ್ರ. ವಿಭಾಗದಿಂದ ಮಿಂಚಂಚೆಯಲ್ಲಿ ಬಂದ ನೇಮಕಾತಿ ಪತ್ರವನ್ನೇ ಮುದ್ರಿಸಿಕೊಂಡು ಹೋಗುವವರು ಬಹಳ. ಅದರಲ್ಲಿ ಸಂಬಳವಿರುತ್ತದೆ, ಅಭಿನಂದನೆಯೂ ಇರುತ್ತದೆ, ಬೇಕಾದದ್ದು ಇರುವುದಿಲ್ಲ. ಪತ್ರದಲ್ಲಿ ಇರಬೇಕಾದವು ಇವು: ನಿಮ್ಮ ಕೆಲಸ ಏನು, ಅದು ಆರಂಭವಾದ ಅಥವಾ ಆರಂಭವಾಗುವ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಮೇಲ್ವಿಚಾರಕರ ಹೆಸರು ಮತ್ತು ದೂರವಾಣಿ ಸಂಖ್ಯೆ. ಕೊನೆಯಲ್ಲಿ ಮೇಲ್ವಿಚಾರಕರ ಸಹಿ ಮತ್ತು ದಿನಾಂಕ. ಉದ್ಯೋಗದಾತರ ಗುರುತಿನ ಸಂಖ್ಯೆಯಾದ ಇಐಎನ್ ಅನ್ನೂ ಬರೆಸಿ. ಎರಡು ಅಂಕಿ, ಒಂದು ಅಡ್ಡಗೆರೆ, ಆಮೇಲೆ ಏಳು ಅಂಕಿ ಇದ್ದರೆ ಅದು ಸರಿಯಾದ ರೂಪದಲ್ಲಿದೆ. ಹೆಚ್ಚಿನ ವಿಶ್ವವಿದ್ಯಾಲಯಗಳು ಈ ಪತ್ರಕ್ಕೆ ಸಿದ್ಧ ನಮೂನೆ ಇಟ್ಟಿರುತ್ತವೆ. ಪ್ರಾಧ್ಯಾಪಕರು ತಾವೇ ಬರೆಯುತ್ತೇನೆಂದರೂ ವಿನಯದಿಂದ ಆ ನಮೂನೆಯನ್ನೇ ಮುಂದಿಡಿ.

ಎರಡನೆಯದು ಡಿಎಸ್ಒ ಕೊಡುವ ಪತ್ರ. ನೀವು ಯಾರು, ನಿಮ್ಮ ವಿದ್ಯಾರ್ಥಿ ಸ್ಥಿತಿ ಸದ್ಯ ಸರಿಯಿದೆ, ಕೆಲಸ ಎಲ್ಲಿ, ಎಂಥದ್ದು ಎಂಬುದನ್ನು ಅದು ದೃಢೀಕರಿಸಬೇಕು. ವಿಭಾಗದ ಪತ್ರವನ್ನು ನೋಡಿಯೇ ಡಿಎಸ್ಒ ತಮ್ಮ ಪತ್ರ ಬರೆಯುವುದರಿಂದ ಕ್ರಮ ಹಿಂದುಮುಂದಾದರೆ ಸುಮ್ಮನೆ ಎರಡು ಸಲ ಅಲೆಯಬೇಕಾಗುತ್ತದೆ. ಎರಡೂ ಪತ್ರಗಳಲ್ಲಿ ಹೆಸರಿನ ಕಾಗುಣಿತವೂ ಕೆಲಸ ಆರಂಭವಾಗುವ ದಿನಾಂಕವೂ ಒಂದೇ ಆಗಿರಲಿ.

ಸಿಪಿಟಿಯವರಿಗೆ ಈ ಎರಡು ಪತ್ರಗಳ ಜಾಗದಲ್ಲಿ, ಉದ್ಯೋಗದ ಪುಟ ತುಂಬಿ ಡಿಎಸ್ಒ ಸಹಿ ಹಾಕಿದ ಹೊಸ ಐ-20 ಸಾಕು. ಒಪಿಟಿಯವರು ಇಎಡಿ ಎಂಬ ಕೆಲಸದ ಅನುಮತಿ ಕಾರ್ಡನ್ನು ತೋರಿಸಬೇಕು. ಜೆ-1 ವಿದ್ಯಾರ್ಥಿಗಳು, ಅವರಿಗೆ ಐ-20ಯ ಬದಲು ಸಿಗುವ ಡಿಎಸ್-2019 ಜೊತೆಗೆ, ಕೆಲಸಕ್ಕೆ ಒಪ್ಪಿಗೆ ಕೊಟ್ಟು ಪ್ರಾಯೋಜಕ ಸಂಸ್ಥೆ ತನ್ನ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಮಾಡಿದ ಪತ್ರವನ್ನು ಒಯ್ಯಬೇಕು.

ಹಂತ 5: ದಿನಾಂಕದ ಲೆಕ್ಕ ಹಾಕಿ

ಕ್ಯಾಂಪಸ್ ಕೆಲಸ ಅಥವಾ ಸಿಪಿಟಿ ಆರಂಭವಾಗುವ ದಿನಕ್ಕೆ 30 ದಿನಗಳಿಗಿಂತ ಹೆಚ್ಚು ಮುಂಚೆ ಬಂದ ಅರ್ಜಿಯನ್ನು ಕಚೇರಿ ನಡೆಸುವುದಿಲ್ಲ. ಸೆಪ್ಟೆಂಬರ್ 25ಕ್ಕೆ ಕೆಲಸ ಆರಂಭವೆಂದು ಪತ್ರದಲ್ಲಿದ್ದರೆ ಆಗಸ್ಟ್ 26ಕ್ಕಿಂತ ಮೊದಲು ಹೋಗಿ ಫಲವಿಲ್ಲ. ಒಪಿಟಿಯವರಿಗೆ ಆ 30 ದಿನದ ಸಡಿಲಿಕೆಯೂ ಇಲ್ಲ. ಇಎಡಿಯ ಮೇಲೆ ಮುದ್ರಿಸಿದ ಆರಂಭದ ದಿನ ಬಂದಿರಲೇಬೇಕು.

ಹಾಗಾಗಿ ಮೂರು ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ದೇಶ ಪ್ರವೇಶಿಸಿದ ದಿನಕ್ಕೆ 10 ಸೇರಿಸಿದ್ದು, ಸೆವಿಸ್ ಸಕ್ರಿಯವಾದ ದಿನ, ಕೆಲಸ ಆರಂಭದ ದಿನದಿಂದ 30 ಕಳೆದದ್ದು. ಮೂರರಲ್ಲಿ ಯಾವುದು ಎಲ್ಲಕ್ಕಿಂತ ಕೊನೆಗೆ ಬರುತ್ತದೋ ಅದರ ನಂತರವೇ ಕಚೇರಿಗೆ ಹೋಗಬೇಕು.

ಒಪಿಟಿಗೆ ಅರ್ಜಿ ಹಾಕುವವರಿಗೆ ಒಂದು ಸುಲಭದ ದಾರಿಯಿದೆ. ಕೆಲಸದ ಅನುಮತಿಗೆ ಹಾಕುವ ಐ-765 ಅರ್ಜಿಯಲ್ಲೇ, ನನಗೆ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಬೇಕು ಎಂದು ಹೇಳುವ ಪ್ರಶ್ನೆಗಳಿವೆ. ಅಲ್ಲಿ ಹೌದು ಎಂದು ಗುರುತು ಹಾಕಿ, ವಿವರ ಹಂಚಿಕೊಳ್ಳಲು ಒಪ್ಪಿಗೆ ಕೊಟ್ಟರೆ ಕೆಲಸದ ಅನುಮತಿ ಸಿಕ್ಕ ಬಳಿಕ ಕಚೇರಿಗೆ ಹೋಗದೆಯೇ ಕಾರ್ಡ್ ಅಂಚೆಯಲ್ಲಿ ಬರುವ ವ್ಯವಸ್ಥೆ ಇದು. 2025ರ ಮಾರ್ಚ್‌ನಲ್ಲಿ ಇದನ್ನು ತಡೆಹಿಡಿಯಲಾಗಿತ್ತು, ಆದ್ದರಿಂದ ಈಗ ನಡೆಯುತ್ತಿದೆಯೇ ಎಂದು ಡಿಎಸ್ಒ ಬಳಿ ಕೇಳಿಕೊಳ್ಳಿ. ಆ ಪ್ರಶ್ನೆಯನ್ನು ಓದದೆ ಇಲ್ಲ ಎಂದು ಗುರುತಿಸಿ ಮುಂದೆ ಹೋಗುವವರೇ ಆಮೇಲೆ ಸರದಿಯಲ್ಲಿ ನಿಲ್ಲುತ್ತಾರೆ.

ಹಂತ 6: ಎಸ್‌ಎಸ್-5 ಅರ್ಜಿ

ಅರ್ಜಿಯನ್ನು ಆನ್‌ಲೈನಿನಲ್ಲಿ ಆರಂಭಿಸಬಹುದು. ಹಾಗೆ ಆರಂಭಿಸಿದರೆ 45 ದಿನಗಳೊಳಗೆ ಮೂಲ ದಾಖಲೆಗಳೊಂದಿಗೆ ಕಚೇರಿಗೆ ಹೋಗಬೇಕು. ಕಾಗದದ ಎಸ್‌ಎಸ್-5 ನಮೂನೆಯನ್ನು ತುಂಬಿಕೊಂಡೂ ಹೋಗಬಹುದು. ಎರಡರಲ್ಲೂ ಎಡವುವ ಜಾಗಗಳು ಒಂದೇ.

ಹುಟ್ಟಿದ ದಿನಾಂಕವನ್ನು ತಿಂಗಳು, ದಿನ, ವರ್ಷ ಎಂಬ ಕ್ರಮದಲ್ಲಿ ಬರೆಯಬೇಕು. ಆಗಸ್ಟ್ 5ರಂದು ಹುಟ್ಟಿದವರು ನಮ್ಮ ರೂಢಿಯಂತೆ 05-08 ಎಂದು ಬರೆದರೆ ಅದು ಅಲ್ಲಿ ಮೇ 8 ಆಗುತ್ತದೆ. ತಿಂಗಳ ಹನ್ನೆರಡನೆಯ ತಾರೀಖಿನ ನಂತರ ಹುಟ್ಟಿದವರಿಗೆ ಈ ತಪ್ಪು ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮುಂಚೆ ಹುಟ್ಟಿದವರದು ಸದ್ದಿಲ್ಲದೆ ದಾಖಲೆಗೆ ಸೇರಿಬಿಡುತ್ತದೆ.

ಪೌರತ್ವದ ಪ್ರಶ್ನೆಗೆ "ಕೆಲಸ ಮಾಡಲು ಅನುಮತಿ ಇರುವ ಕಾನೂನುಬದ್ಧ ವಿದೇಶಿ" ಎಂಬ ಅರ್ಥದ ಆಯ್ಕೆಯನ್ನು ಗುರುತಿಸಿ. ಅದರ ಪಕ್ಕದಲ್ಲೇ ಅನುಮತಿ ಇಲ್ಲದವರ ಆಯ್ಕೆಯೂ ಇರುತ್ತದೆ, ವಿದ್ಯಾರ್ಥಿ ವೀಸಾ ತಾನೇ ಎಂದುಕೊಂಡು ಅದನ್ನು ಆರಿಸುವವರಿದ್ದಾರೆ.

ತಾಯಿಯ ಹೆಸರನ್ನು ಕೇಳುವಲ್ಲಿ ಆಕೆ ಹುಟ್ಟಿದಾಗಿನ ಹೆಸರನ್ನು ಬರೆಯಬೇಕು. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡಿದ್ದರೆ ಅದು ಬೇಡ. ಅಮ್ಮನಿಗೆ ಒಂದು ಫೋನ್ ಮಾಡಿ, ತವರಿನಲ್ಲಿದ್ದಾಗ ಶಾಲೆಯ ದಾಖಲೆಯಲ್ಲಿ ಹೆಸರು ಹೇಗಿತ್ತು ಎಂದು ಕೇಳಿ ಅದನ್ನೇ ಬರೆಯಿರಿ. ಮುಂದೆ ಗುರುತು ಪರೀಕ್ಷಿಸುವಾಗ ಇದೇ ಪ್ರಶ್ನೆ ಬರಬಹುದಾದ್ದರಿಂದ ನೀವು ಬರೆದ ಕಾಗುಣಿತವನ್ನು ಒಂದು ಕಡೆ ಗುರುತು ಮಾಡಿಟ್ಟುಕೊಳ್ಳಿ. ತಂದೆತಾಯಿಯರ ಎಸ್‌ಎಸ್‌ಎನ್ ಕೇಳುವಲ್ಲಿ "ಗೊತ್ತಿಲ್ಲ" ಎಂಬ ಚೌಕವನ್ನು ಗುರುತಿಸಿದರಾಯಿತು.

ಅಂಚೆ ವಿಳಾಸವನ್ನು ಹಗುರವಾಗಿ ಕಾಣಬೇಡಿ. ಮೊದಲ ತಿಂಗಳು ಪರಿಚಯದವರ ಮನೆಯಲ್ಲಿದ್ದು ಆಮೇಲೆ ಬೇರೆ ಮನೆಗೆ ಹೋಗುವವರು, ಕಾರ್ಡ್ ಬರುವ ಹೊತ್ತಿಗೆ ತಾವು ಎಲ್ಲಿರುತ್ತೇವೋ ಅಲ್ಲಿನ ವಿಳಾಸವನ್ನು ಕೊಡಬೇಕು. ಅಪಾರ್ಟ್‌ಮೆಂಟ್ ಸಂಖ್ಯೆ ತಪ್ಪದೆ ಇರಲಿ, ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರೂ ಇರಲಿ. ನಾಲ್ಕು ಜನ ಹಂಚಿಕೊಂಡ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಬಾಡಿಗೆದಾರನ ಹೆಸರಷ್ಟೇ ಇದ್ದರೆ ಲಕೋಟೆ ವಾಪಸಾಗುವ ಸಂಭವವಿದೆ.

ಹಂತ 7: ಕಚೇರಿಯಲ್ಲಿ

2025ರ ಜನವರಿ 6ರಿಂದ ಕಾರ್ಡಿನ ಕೆಲಸಗಳಿಗೂ ಮುಂಗಡವಾಗಿ ಸಮಯ ಗೊತ್ತುಮಾಡಿಕೊಂಡು ಹೋಗುವ ಪದ್ಧತಿ ಬಂದಿದೆ. 1-800-772-1213ಕ್ಕೆ ಕರೆ ಮಾಡಿ, ಅಥವಾ ಆನ್‌ಲೈನ್ ಅರ್ಜಿಯ ಕೊನೆಯಲ್ಲಿ ಅವಕಾಶ ತೋರಿಸಿದರೆ ಅಲ್ಲೇ ಸಮಯ ಪಡೆಯಿರಿ. ಕೆಲವು ನಗರಗಳಲ್ಲಿ ಕಾರ್ಡಿಗೆಂದೇ ಬೇರೆ ಕೇಂದ್ರಗಳಿವೆ. ಪಿನ್‌ಕೋಡಿನಂತಿರುವ ಅಲ್ಲಿನ ಜಿಪ್ ಕೋಡ್ ಹಾಕಿ ನಿಮ್ಮ ಕಚೇರಿ ಯಾವುದೆಂದು ನೋಡಿಕೊಂಡು ಹೊರಡಿ.

ಕಡತದಲ್ಲಿ ಪಾಸ್‌ಪೋರ್ಟ್, ಮುದ್ರಿಸಿದ ಐ-94, ಸಹಿ ಮಾಡಿದ ಐ-20, ಜನನ ಪ್ರಮಾಣಪತ್ರ, ಎರಡು ಪತ್ರಗಳು ಅಥವಾ ಅವುಗಳ ಬದಲಿನ ದಾಖಲೆ, ಅರ್ಜಿ ಇರಬೇಕು. ಐ-20ಯಲ್ಲಿ ನಿಮ್ಮ ಸಹಿಗೂ ಒಂದು ಜಾಗವಿದೆ. ಅದು ಖಾಲಿ ಇಲ್ಲವೆಂದು ನೋಡಿಕೊಳ್ಳಿ.

ಕೌಂಟರಿನವರು ವಿವರಗಳನ್ನು ಗಣಕಕ್ಕೆ ಹಾಕಿ ಮೂಲಗಳನ್ನು ನಿಮಗೆ ಮರಳಿಸುತ್ತಾರೆ. ಅರ್ಜಿ ಸಲ್ಲಿಸಿದ್ದಕ್ಕೆ ರಸೀದಿ ಪತ್ರವನ್ನು ಕೇಳಿ ಪಡೆಯಿರಿ, ಅಲ್ಲೇ ನಿಂತು ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಓದಿ. ಸರ್‌ನೇಮ್ ಯಾವುದು, ಗಿವನ್ ನೇಮ್ ಯಾವುದು ಎಂದು ಬಾಯಿಬಿಟ್ಟು ಹೇಳಲು ಸಂಕೋಚ ಬೇಡ. ಹಿಂದೆ ನಿಂತವರಿಗೆ ತಡವಾಗುತ್ತದೆಂದು ತಲೆಯಾಡಿಸಿ ಬಂದುಬಿಡುವ ನಮ್ಮ ಸ್ವಭಾವ ಇಲ್ಲಿ ಅಡ್ಡಬರುತ್ತದೆ. ಕೌಂಟರಿನಲ್ಲಿ ಅರ್ಧ ನಿಮಿಷದಲ್ಲಿ ತಿದ್ದಬಹುದಾದ ಅಕ್ಷರಕ್ಕೆ ಆಮೇಲೆ ಹೊಸ ಅರ್ಜಿಯೇ ಬೇಕಾಗುತ್ತದೆ.

ಅರ್ಜಿ ತಿರಸ್ಕರಿಸಿದರೆ ವಾದಕ್ಕೆ ಇಳಿಯದೆ ಕಾರಣವನ್ನು ಬರಹದಲ್ಲಿ ಕೇಳಿ, ಅದನ್ನು ಡಿಎಸ್ಒಗೆ ತೋರಿಸಿ.

ಹಂತ 8: ಕಾಯುವ ದಿನಗಳು ಮತ್ತು ಎಚ್ಚರಿಕೆಯ ಲಕ್ಷಣಗಳು

ದಾಖಲೆಗಳು ತಾಳೆಯಾದರೆ ಸುಮಾರು ಎರಡು ವಾರಗಳಲ್ಲಿ ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಅಲ್ಲಿಯವರೆಗೆ ಕೆಲಸಕ್ಕೆ ಹೋಗದೆ ಕೂರಬೇಕಾಗಿಲ್ಲ. ಕೆಲಸದ ಅನುಮತಿ ಇರುವ ವಿದ್ಯಾರ್ಥಿ ನಂಬರ್ ಬರುವ ಮೊದಲೇ ಕೆಲಸ ಆರಂಭಿಸಬಹುದು. ಕೆಲಸ ಮಾಡುವ ಅರ್ಹತೆಯನ್ನು ಪರಿಶೀಲಿಸುವ ಐ-9 ನಮೂನೆಯನ್ನು ಮಾತ್ರ ನಿಗದಿತ ಸಮಯದಲ್ಲಿ ತುಂಬಲೇಬೇಕು. ಅದರ ಮೊದಲ ಭಾಗವನ್ನು ಕೆಲಸದ ಮೊದಲ ದಿನದೊಳಗೆ ನೀವು ತುಂಬಬೇಕು, ದಾಖಲೆ ಪರಿಶೀಲನೆಯ ಭಾಗವನ್ನು ಮೂರು ಕೆಲಸದ ದಿನಗಳೊಳಗೆ ಉದ್ಯೋಗದಾತರು ಮುಗಿಸಬೇಕು. ಸಂಬಳದ ವಿಭಾಗದವರು ನಂಬರ್ ಇಲ್ಲದೆ ಆಗದು ಎಂದರೆ ಕಚೇರಿಯ ರಸೀದಿಯನ್ನು ತೋರಿಸಿ, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಿಂದ ಅವರಿಗೆ ಹೇಳಿಸಿ.

ನಾಲ್ಕು ವಾರ ಕಳೆದರೂ ಕಾರ್ಡ್ ಬರದಿದ್ದರೆ ರಸೀದಿಯೊಂದಿಗೆ ಅದೇ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ತಾಳೆಗೆ ಕಾಯುತ್ತಿದೆ ಎಂದು ಹೇಳಿದರೆ ನಿಮ್ಮ ಐ-94 ಅಥವಾ ಸೆವಿಸ್ ದಾಖಲೆಯಲ್ಲಿ ಎಲ್ಲೋ ವ್ಯತ್ಯಾಸವಿದೆ ಎಂಬ ಗುಮಾನಿಯಿಂದ ಎರಡನ್ನೂ ಮತ್ತೆ ನೋಡಿ. ಬೇಸತ್ತು ಇನ್ನೊಂದು ಅರ್ಜಿ ಹಾಕುವುದರಿಂದ ಕಡತ ಬೇಗ ಚಲಿಸುವುದಿಲ್ಲ, ಗೊಂದಲ ಹೆಚ್ಚುತ್ತದೆ.

ಈ ಅವಧಿಯಲ್ಲೇ ಬರುವ ಇನ್ನೊಂದು ಆಸೆ, ಕ್ಯಾಂಪಸ್ಸಿನ ಹೊರಗೆ ಹೋಟೆಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಕೈಗೆ ನಗದು ಕೊಡುವ ಕೆಲಸ. "ನಂಬರ್ ಬೇಡ, ಯಾರೂ ಕೇಳುವುದಿಲ್ಲ" ಎಂದು ಹೇಳುವವರು ನಮ್ಮ ದೇಶದವರೇ ಆಗಿರುತ್ತಾರೆ. ಅನುಮತಿ ಇಲ್ಲದ ಕೆಲಸ ಸಿಕ್ಕಿಬಿದ್ದರೆ ವಿದ್ಯಾರ್ಥಿ ಸ್ಥಿತಿಯೇ ಹೋಗುತ್ತದೆ. ಬೇರೆಯವರ ನಂಬರನ್ನು ಬಳಸುವುದಂತೂ ಅಪರಾಧ.

ಫೋನ್ ಮಾಡಿ, ನಿಮ್ಮ ನಂಬರನ್ನು ರದ್ದು ಮಾಡುತ್ತೇವೆ, ಬಂಧಿಸುತ್ತೇವೆ ಎಂದು ಹೆದರಿಸಿ ಗಿಫ್ಟ್ ಕಾರ್ಡ್ ಮೂಲಕ ಹಣ ಕೇಳುವವರು ವಂಚಕರು. ಫೋನ್ ಇಡಿ. ಅಪ್ಪ ಅಮ್ಮನಿಗೂ ಈ ವಿಷಯವನ್ನು ಮೊದಲೇ ಹೇಳಿಟ್ಟಿರಿ, ಮಗ ತೊಂದರೆಯಲ್ಲಿದ್ದಾನೆಂಬ ಕರೆ ಬೆಂಗಳೂರಿನ ಮನೆಗೂ ಬರಬಹುದು.

ಹಂತ 9: ಕಾರ್ಡ್ ಬಂದ ಮೇಲೆ

ವಿದ್ಯಾರ್ಥಿಗಳಿಗೆ ಬರುವ ಕಾರ್ಡಿನ ಮೇಲೆ, ಗೃಹ ಭದ್ರತಾ ಇಲಾಖೆಯ ಅನುಮತಿ ಇದ್ದಾಗ ಮಾತ್ರ ಕೆಲಸಕ್ಕೆ ಮಾನ್ಯ ಎಂಬ ಸಾಲು ಮುದ್ರಿತವಾಗಿರುತ್ತದೆ. ಅದು ದೋಷವಲ್ಲ. ನಂಬರ್ ಜೀವನಪೂರ್ತಿ ಅದೇ. ಸಿಪಿಟಿಗೆ ಒಂದು, ಒಪಿಟಿಗೆ ಇನ್ನೊಂದು ಎಂದು ಹೊಸದಾಗಿ ಪಡೆಯುವುದಿಲ್ಲ. ಒಮ್ಮೆ ನಂಬರ್ ಬಂದಮೇಲೆ ಕ್ಯಾಂಪಸ್ ಕೆಲಸ ಬಿಟ್ಟರೂ ಅದು ರದ್ದಾಗುವುದಿಲ್ಲ, ಆದರೆ ನಂಬರ್ ಇದೆಯೆಂಬ ಮಾತ್ರಕ್ಕೆ ಎಲ್ಲೆಂದರಲ್ಲಿ ಕೆಲಸ ಮಾಡುವ ಅನುಮತಿಯೂ ಬರುವುದಿಲ್ಲ.

ಕಾರ್ಡ್ ಬಂದ ವಾರದಲ್ಲೇ ಸಂಬಳದ ವಿಭಾಗಕ್ಕೆ ನಂಬರ್ ಕೊಡಿ, ಮುಂದಿನ ಸಂಬಳದ ಚೀಟಿಯನ್ನು ತೆರೆದು ನೋಡಿ. ಎಫ್-1 ವಿದ್ಯಾರ್ಥಿಗಳು ಮೊದಲ ಐದು ಕ್ಯಾಲೆಂಡರ್ ವರ್ಷಗಳಲ್ಲಿ ಸಾಮಾನ್ಯವಾಗಿ ತೆರಿಗೆಯ ಲೆಕ್ಕಕ್ಕೆ ಅನಿವಾಸಿಗಳಾಗಿರುವುದರಿಂದ, ಸೋಶಿಯಲ್ ಸೆಕ್ಯುರಿಟಿಯ ಶೇ. 6.2 ಮತ್ತು ಮೆಡಿಕೇರ್ ಎಂಬ ಸರಕಾರಿ ಆರೋಗ್ಯ ವಿಮೆಯ ಶೇ. 1.45 ಕಡಿತ ಅವರ ಅನುಮತಿ ಪಡೆದ ಕೆಲಸದ ಸಂಬಳಕ್ಕೆ ಅನ್ವಯಿಸುವುದಿಲ್ಲ. ವರ್ಷದ ಲೆಕ್ಕದಲ್ಲಿ ಡಿಸೆಂಬರಿನಲ್ಲಿ ಕೆಲವೇ ದಿನ ಇದ್ದರೂ ಅದು ಒಂದು ವರ್ಷವೇ. ಇಂಟರ್ನ್‌ಶಿಪ್ ಕೊಡುವ ಸಣ್ಣ ಕಂಪನಿಗಳಲ್ಲಿ ಈ ಕಡಿತ ತಪ್ಪಾಗಿ ಆಗುವುದುಂಟು. ಮೊದಲು ಅವರನ್ನೇ ಮರಳಿಸಲು ಕೇಳಿ. ಅವರಿಂದ ಆಗದಿದ್ದರೆ ತೆರಿಗೆ ಇಲಾಖೆಗೆ 843 ಮತ್ತು 8316 ನಮೂನೆಗಳ ಮೂಲಕ ಕೇಳಬಹುದು. 8843 ಎಂಬ ನಮೂನೆಯನ್ನು, ಒಂದು ಡಾಲರ್ ಆದಾಯ ಇಲ್ಲದ ವರ್ಷದಲ್ಲೂ, ಈ ಅವಧಿಯ ಎಫ್-1 ವಿದ್ಯಾರ್ಥಿಗಳು ಸಲ್ಲಿಸಬೇಕು.

ಕಾರ್ಡನ್ನು ಪರ್ಸಿನಲ್ಲಿಟ್ಟು ಓಡಾಡಬೇಡಿ, ಫೋಟೋ ತೆಗೆದು ವಾಟ್ಸ್ಆಪಿನಲ್ಲಿ ಮನೆಗೆ ಕಳುಹಿಸಬೇಡಿ. ನಂಬರನ್ನು ಬಾಯಿಪಾಠ ಮಾಡಿ ಕಾರ್ಡನ್ನು ಬೀಗದಲ್ಲಿಡಿ. ಉದ್ಯೋಗದಾತರು, ಬ್ಯಾಂಕು, ತೆರಿಗೆ, ಬಾಡಿಗೆಗೆ ಮುನ್ನ ಸಾಲದ ಚರಿತ್ರೆ ನೋಡುವ ಮನೆ ಮಾಲೀಕರು ಇಂಥವರಿಗೆ ಅದು ಬೇಕಾಗುತ್ತದೆ; ಉಳಿದವರು ಕೇಳಿದರೆ ಏಕೆ ಬೇಕೆಂದು ಮರುಪ್ರಶ್ನೆ ಹಾಕಿ. ಕಾರ್ಡ್ ಕಳೆದರೆ ಬದಲಿ ಉಚಿತವಾಗಿಯೇ ಸಿಗುತ್ತದೆ, ಆದರೆ ವರ್ಷಕ್ಕೆ ಮೂರು, ಜೀವಮಾನದಲ್ಲಿ ಹತ್ತು ಎಂಬ ಮಿತಿಯಿದೆ. ವಿದ್ಯಾರ್ಥಿಯಾಗಿರುವಾಗ ಬದಲಿ ಕಾರ್ಡಿಗೂ ಆ ಹೊತ್ತಿನ ಕೆಲಸದ ಅನುಮತಿಯನ್ನು ಮತ್ತೆ ತೋರಿಸಬೇಕಾಗುತ್ತದೆ.